ಹನ್ನೊಂದು ಎಣಿಸುವಷ್ಟು ಹೊತ್ತು

ನವೆಂಬರಿನಲ್ಲಿ ಅಂಗಡಿಗೆ ಕೊಡಲಿಗಳ ಪೆಟ್ಟಿಗೆ ಬಂದ ದಿನ ಊರಿನ ಗಂಡಸರಲ್ಲಿ ಒಬ್ಬನೂ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗಲಿಲ್ಲ. ಪೆಟ್ಟಿಗೆಯಲ್ಲಿದ್ದದ್ದು ಹನ್ನೆರಡೇ ಕೊಡಲಿ, ಅದೂ ಕಾವಿಲ್ಲದ ಬರೀ ತಲೆಗಳು. ಎಣ್ಣೆ ಕಾಗದದಲ್ಲಿ ಸುತ್ತಿ ಹೊಟ್ಟಿನಲ್ಲಿ ಹೂತಿಟ್ಟಿದ್ದವು. ಮೊದಲ ಆಯ್ಕೆ ಯಾರದೆಂದು ಯಾರೂ ಕೇಳಬೇಕಾಗಿರಲಿಲ್ಲ. ಹೊಸವರ್ಷದ ಮರ ಕಡಿಯುವ ಪಂದ್ಯದಲ್ಲಿ ನಿಂತ ಕೊರಡನ್ನು ಒಂಬತ್ತು ವರ್ಷ ಸತತವಾಗಿ ಗೆದ್ದ ಹೆಕ್ಟರ್ ಪ್ರೌಸ್ ಆರಿಸಿದ ಮೇಲೆ ಉಳಿದ ಹನ್ನೊಂದಕ್ಕೆ ಉಳಿದವರ ಕೈ. ಟ್ಯಾಸ್ಮೇನಿಯದ ಈ ಮೂಲೆಯಲ್ಲಿ ಮಂತ್ರಿ ಬಂದರೂ ಸಾಲಿನಲ್ಲಿ ನಿಲ್ಲಬೇಕಾದೀತು, ಕೊಡಲಿ ಪೆಟ್ಟಿಗೆಯ ಮುಂದೆ ಹೆಕ್ಟರ್ ನಿಲ್ಲಬೇಕಿರಲಿಲ್ಲ.

ಹೆಕ್ಟರ್ ಒಂದೊಂದನ್ನೇ ದಾರಕ್ಕೆ ತೂಗುಬಿಟ್ಟು, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಹತ್ತಿರ ಹಿಡಿದು ಕೇಳಿದ. ನಾದ ಉದ್ದಕ್ಕೆ ಹೋದರೆ ಉಕ್ಕು ಒಳಗೆ ಒಂದೇ ಸಮನಾಗಿದೆ ಎಂದರ್ಥ, ಟಕ್ ಎಂದು ನಿಂತರೆ ಎಲ್ಲೋ ಬಿರುಕು. ಆಮೇಲೆ ಅಲಗಿನ ಮೂಲೆಗೆ ಅರ ಹಚ್ಚಿ ನೋಡಿದ. ಅರ ಜಾರಿದರೆ ಉಕ್ಕು ಅತಿ ಗಡುಸು, ಮರದ ಗಂಟಿಗೆ ತಗುಲಿದೊಡನೆ ಬಾಯಿ ಚೂರಾಗುತ್ತದೆ. ಅರ ಸಲೀಸಾಗಿ ಕಚ್ಚಿದರೆ ಅತಿ ಮೆದು, ನಾಲ್ಕು ಏಟಿಗೆ ಮಡಿಚಿಕೊಳ್ಳುತ್ತದೆ. ಇವೆರಡರ ನಡುವೆ ಒಂದು ಹದವಿದೆ. ಅದು ಕೈಗೆ ಗೊತ್ತಾಗಬೇಕು, ಬಾಯಲ್ಲಿ ಹೇಳಿಕೊಡಲು ಬರುವುದಿಲ್ಲ.

"ಏನು ಹೆಕ್ಟರ್, ಕೊಡಲಿ ಕೊಳ್ತಿದೀಯೋ, ಕೂಸಿಗೆ ಜೋಗುಳ ಹಾಡ್ತಿದೀಯೋ?" ಎಂದು ಯಾರೋ ಹಿಂದಿನಿಂದ ಕೆಣಕಿದರು.

ಹೆಕ್ಟರ್ ತಿರುಗಲಿಲ್ಲ. ಕೊನೆಯ ಪರೀಕ್ಷೆ ಕಣ್ಣಿನದು. ಕಾವು ಸಿಕ್ಕಿಸುವ ತೂತಿನಿಂದ ನೋಡಿದರೆ ಅಲಗಿನ ಗೆರೆ ಕೂದಲೆಳೆಯಷ್ಟೂ ಓರೆಯಾಗದೆ ನಡುಮಧ್ಯ ಬೀಳಬೇಕು. ಅದನ್ನು ನೋಡುವಷ್ಟು ಕಣ್ಣು ಹೆಕ್ಟರ್‌ಗೆ ಉಳಿದಿರಲಿಲ್ಲ ಎಂಬುದು ಊರಿಗೆ ಗೊತ್ತಿರದ ಸಂಗತಿ. ಕನ್ನಡಕ ಹಾಕಿದ ಕೊಡಲಿಗಾರನನ್ನು ಯಾರು ನೋಡಿದ್ದಾರೆ? ಅವನು ಒಂದೊಂದನ್ನೂ ಬೆಳಕಿಗೆ ಹಿಡಿದು ಗಂಭೀರವಾಗಿ ತಿರುಗಿಸುತ್ತಿದ್ದರೆ ಪಕ್ಕದಲ್ಲಿ ಹಿಟ್ಟಿನ ಚೀಲ ಆರಿಸುವ ನೆಪದಲ್ಲಿ ನಿಂತಿದ್ದ ಅವನ ಹೆಂಡತಿ ವಿನಿ ಓರೆಗಣ್ಣಿನಿಂದ ನೋಡುತ್ತಿದ್ದಳು. ಏಳನೆಯದಕ್ಕೆ ವಿನಿ ಕೆಮ್ಮಿದಳು.

"ಇದೇ," ಎಂದ ಹೆಕ್ಟರ್.

ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಅದಕ್ಕೆ ಮೂರು ವಾರ ಸಾಣೆ ನಡೆಯಿತು. ಮದುವೆಯಾದಾಗಿನಿಂದ ಇಪ್ಪತ್ತೆರಡು ವರ್ಷ ವಿನಿ ಸಾಣೆಕಲ್ಲಿನ ಹಿಡಿ ತಿರುಗಿಸಿದ್ದಳು, ಹೆಕ್ಟರ್ ಅಲಗು ಹಿಡಿದಿದ್ದ. ಅವನ ಕಣ್ಣು ಮಂಜಾದ ಮೇಲೆ ಕೆಲಸ ಅದಲುಬದಲಾಯಿತು. ಈಗ ಅವನು ಹಿಡಿ ತಿರುಗಿಸುತ್ತಿದ್ದ, ಅವಳು ಅಲಗು ಹಿಡಿಯುತ್ತಿದ್ದಳು. ಕೆಲಸದ ಕೊಡಲಿ ಬೇರೆ, ಪಂದ್ಯದ ಕೊಡಲಿ ಬೇರೆ. ಕೆಲಸದ್ದಕ್ಕೆ ಅಲಗಿನ ಎರಡು ಬದಿಗೂ ದಪ್ಪ ಕೆನ್ನೆ ಬಿಡುತ್ತಾರೆ, ಗಂಟು ಗಿಂಟು ತಡೆಯಲಿ ಎಂದು. ಪಂದ್ಯದ್ದನ್ನು ತೆಳ್ಳಗೆ, ಅಗಲಕ್ಕೆ ಇಳಿಸುತ್ತಾರೆ. ವರ್ಷಕ್ಕೆ ಅದು ಕಡಿಯುವುದು ನಾಲ್ಕೇ ಕೊರಡು. ಅದನ್ನು ಮರದ ಪೆಟ್ಟಿಗೆಯಲ್ಲಿ ಉಣ್ಣೆ ಸುತ್ತಿ ಇಡುತ್ತಾರೆ, ಯಾರಿಗೂ ಕೊಡುವುದಿಲ್ಲ. ಹಲ್ಲುಜ್ಜುವ ಬ್ರಷ್ಷನ್ನಾದರೂ ಕೇಳು, ಪಂದ್ಯದ ಕೊಡಲಿ ಕೇಳಬೇಡ ಎನ್ನುವುದು ನಮ್ಮಲ್ಲಿ ಬುದ್ಧಿವಾದ. ಒಡಹುಟ್ಟಿದವರೂ ಕೇಳುವುದಿಲ್ಲ.

ಡಿಸೆಂಬರ್ ಎರಡನೆಯ ವಾರ ಹೆಕ್ಟರ್ ಮರದ ಮಿಲ್ಲಿನಲ್ಲಿ ಕುಸಿದು ಕುಳಿತ. ಎಡಗೈ ಸತ್ತ ಹಾಗಾಗಿತ್ತು, ತುಟಿ ನೀಲಿಯಾಗಿತ್ತು. ವಿನಿ ಅವನನ್ನು ರೈಲಿನಲ್ಲಿ ಬಂದರಿನ ಊರಿಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರು ನಿಧಾನದ ಮನುಷ್ಯ, ಸುತ್ತಿಬಳಸಿ ಹೇಳಲಿಲ್ಲ. ಗುಂಡಿಗೆ ಹಿಗ್ಗಿದೆ, ನಡೆದಾಡು, ಹಗುರ ಕೆಲಸ ಮಾಡು, ಹತ್ತಿಪ್ಪತ್ತು ವರ್ಷ ಬದುಕಬಹುದು. ಆದರೆ ಪಂದ್ಯದ ಕೊರಡಿಗೆ ಕೊಡಲಿ ಎತ್ತಿದರೆ ಆ ಒಂದೂವರೆ ನಿಮಿಷವನ್ನು ಈ ಗುಂಡಿಗೆ ದಾಟುತ್ತದೆಂದು ನಾನು ಹೇಳಲಾರೆ ಎಂದರು.

ಬರುವಾಗ ರೈಲಿನಲ್ಲಿ ವಿನಿ ಒಂದೇ ಮಾತು ಕೇಳಿದಳು, ಈ ವರ್ಷ ಬಿಡ್ತೀಯಾ ಎಂದು. ಹೆಕ್ಟರ್ ಕಿಟಕಿಯ ಆಚೆ ನೋಡುತ್ತ, ಸೋಲದೆ ಬಿಡುವುದು ಹೇಡಿತನ ಎಂದ.

"ನಿಂತ ಕೊರಡಲ್ಲಿ ನನ್ನ ಯಾವನಾದ್ರೂ ಸೋಲಿಸಿದ ದಿನ ಕೊಡ್ಲಿ ಕೆಳಗಿಡ್ತೀನಿ. ಅವತ್ತಿನವರೆಗೂ ಈ ಮಾತು ಎತ್ತಬೇಡ."

ವಿನಿ ಎತ್ತಿದಳು. ಹದಿನೈದು ದಿನ ಬಿಡದೆ ಎತ್ತಿದಳು. ಅತ್ತಳು, ಬೈದಳು, ಎರಡು ದಿನ ಅಡುಗೆ ಮಾಡಲಿಲ್ಲ. ಅವನು ಬ್ರೆಡ್ಡಿಗೆ ಹಂದಿಕೊಬ್ಬು ಸವರಿಕೊಂಡು ತಿಂದು ಮಿಲ್ಲಿಗೆ ಹೋದ. ಗಂಡಸಿನ ಹಟಕ್ಕೆ ಮದ್ದಿಲ್ಲ ಎನ್ನುತ್ತಾರೆ. ಮದ್ದಿದೆ ಎಂದು ವಿನಿಗೆ ಹೊಳೆದದ್ದು ಕ್ರಿಸ್‌ಮಸ್ಸಿನ ಮಾರನೆಯ ದಿನ. ಅವನೇ ಹೇಳಿದ್ದನಲ್ಲ, ಸೋತ ದಿನ ಬಿಡುತ್ತೇನೆ ಎಂದು? ಹಾಗಾದರೆ ಸೋಲಲಿ. ನಾಲ್ಕೇ ಏಟಿಗೆ ಕೊಡಲಿಯ ಬಾಯಿ ಮಡಿಚಿದರೆ ಅವನು ಅಲ್ಲೇ ನಿಲ್ಲಿಸುತ್ತಾನೆ. ಕೆಟ್ಟ ಕೊಡಲಿಯಲ್ಲಿ ಕೊರಡನ್ನು ಜಜ್ಜುವವನಲ್ಲ ಹೆಕ್ಟರ್. ಗುಂಡಿಗೆ ಹಾರುವ ಮೊದಲೇ ಪಂದ್ಯ ಮುಗಿದಿರುತ್ತದೆ.

ಅವಳು ಚೆನ್ನಾಗಿಯೇ ಯೋಚಿಸಿದಳು, ಅದನ್ನೂ ಹೇಳಬೇಕು. ಪಂದ್ಯದಲ್ಲಿ ಎರಡು ಬಗೆ. ಮಲಗಿದ ಕೊರಡಿನ ಮೇಲೆ ಆಳು ಹತ್ತಿ ನಿಂತು, ಕಾಲಗಲಿಸಿ, ತನ್ನ ಎರಡು ಪಾದಗಳ ನಡುವೆಯೇ ಕಡಿಯುತ್ತಾನೆ. ನಿಂತ ಕೊರಡು ಸೊಂಟದ ಎತ್ತರದ್ದು, ಆಳು ನೆಲದ ಮೇಲೆ ನಿಂತು ಪಕ್ಕದಿಂದ ಬೀಸುತ್ತಾನೆ. ಹೆಕ್ಟರ್‌ನದು ನಿಂತ ಕೊರಡು. ಅಲಗು ಮಡಿಚಿ ಜಾರಿದರೂ ಗಾಳಿಗೆ ಹೋಗುತ್ತದೆ, ಕಾಲಿಗೆ ಬರುವುದಿಲ್ಲ.

ಹೆಕ್ಟರ್ ಮಿಲ್ಲಿಗೆ ಹೋದ ಮೇಲೆ ವಿನಿ ಬಾಗಿಲ ಅಗುಳಿ ಹಾಕಿ, ಒಲೆಗೆ ಒಣ ನೀಲಗಿರಿ ತುಂಬಿ ಉರಿಸಿದಳು. ಕೊಡಲಿಯ ಮೈಗೆ ಒದ್ದೆ ಗೋಣಿ ಸುತ್ತಿದಳು, ಬಾಯಿಯ ಅರ್ಧ ಅಂಗುಲ ಮಾತ್ರ ಹೊರಗೆ ಬಿಟ್ಟಳು. ಒಲೆಯ ಕಬ್ಬಿಣದ ಹಲಗೆಯ ಮೇಲೆ ಅದನ್ನು ಊರಿ ಹಿಡಿದು ನಿಂತಳು. ಉಕ್ಕು ಮೊದಲು ಒಣಹುಲ್ಲಿನ ಬಣ್ಣಕ್ಕೆ ಬಂತು, ಆಮೇಲೆ ಕಂದು, ಆಮೇಲೆ ನೇರಳೆ. ಸಾಣೆ ಹಿಡಿಯುವವರು ಈ ಬಣ್ಣಗಳಿಗೆ ಹೆದರುತ್ತಾರೆ, ಅದಕ್ಕೇ ಕಲ್ಲಿಗೆ ನೀರು ಹಾಕುತ್ತಲೇ ಇರುತ್ತಾರೆ. ನೀಲಿ ಬಂದಾಗ ಹದ ಇಳಿದು ಬಾಯಿ ಮೆದುವಾಯಿತು. ವಿನಿ ಅದನ್ನು ತೆಗೆದು, ಆರಲು ಬಿಟ್ಟು, ಎಣ್ಣೆಗಲ್ಲಿಗೆ ಉಜ್ಜಿ ನೀಲಿ ಅಳಿಸಿ, ಮತ್ತೆ ಹರಿತ ಮಾಡಿದಳು. ಮುಂಗೈಗೆ ಹಚ್ಚಿ ನೋಡಿದಾಗ ಅಲಗು ಕೂದಲನ್ನು ಸಲೀಸಾಗಿ ಬೋಳಿಸಿತು. ಕೂದಲು ಹರಿತವನ್ನಷ್ಟೇ ಹೇಳುತ್ತದೆ, ಹದವನ್ನಲ್ಲ. ಸಾಣೆ ಮುಗಿದ ಬಾಯಿಗೆ ಯಾರೂ ಅರ ಹಚ್ಚಿ ನೋಡುವುದಿಲ್ಲ. ಕೆಲಸ ಮುಗಿಸಿ ಅವಳು ಕುಳಿತು ಅತ್ತಳು. ತಾನೇ ಹನ್ನೆರಡರಲ್ಲಿ ಹೆಕ್ಕಿದ ಕೊಡಲಿ ಅದು, ಅಂಥದ್ದು ಜೀವನದಲ್ಲಿ ಇನ್ನೊಂದು ಸಿಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಹೊಸವರ್ಷದ ಬೆಳಿಗ್ಗೆ ಹೆಕ್ಟರ್‌ನ ಬಿಳಿ ಪ್ಯಾಂಟು, ಬಿಳಿ ಬನಿಯನ್ನು ಇಸ್ತ್ರಿ ಮಾಡಿಟ್ಟಳು. ಮಾತಾಡಲಿಲ್ಲ. ಮಾತಾಡಿದರೆ ಎಲ್ಲಿ ಬಾಯಿಬಿಟ್ಟುಬಿಡುತ್ತೇನೋ ಎಂಬ ಹೆದರಿಕೆ. ಮೈದಾನಕ್ಕೆ ಹೋದವಳೇ ಹೆಂಗಸರ ಚಹಾ ಡೇರೆ ಸೇರಿಕೊಂಡು ಕಪ್ಪು ತೊಳೆಯುತ್ತ ನಿಂತಳು. ಹೊರಗೆ ಬಿಸಿಲು ಸುಡುತ್ತಿತ್ತು. ಬೆಳಗಿನಿಂದ ಚಕ್ಕೆ ಹಾರುವ ಸದ್ದು, ಜನರ ಕೇಕೆ.

ಅವಳ ತಮ್ಮ ಲೆನ್ ಅಂದು ಮಲಗಿದ ಕೊರಡಿನಲ್ಲಿ ಫೈನಲ್ ಮುಟ್ಟಿದ್ದ. ತಾಯಿ ಸತ್ತಾಗ ಲೆನ್‌ಗೆ ನಾಲ್ಕು ವರ್ಷ, ಎತ್ತಿ ಆಡಿಸಿ ಬೆಳೆಸಿದ್ದು ವಿನಿ. ಈಗ ಮೂವತ್ತರ ಆಳು, ಕಾಡಿನಲ್ಲಿ ಮರ ಕೆಡವುವ ಕೆಲಸ, ಬಾಯಿ ತೆಗೆದರೆ ತಮಾಷೆ. ಅವನು ಫೈನಲ್ ಮುಟ್ಟಿದ್ದು ಇದೇ ಮೊದಲು. ವಿನಿಗೆ ಆ ಸುದ್ದಿ ಬಂದಾಗ ಅವಳ ತಲೆಯಲ್ಲಿ ಮೂರು ಗಂಟೆಯ ನಿಂತ ಕೊರಡಿನ ಹೊರತು ಬೇರೇನೂ ಇರಲಿಲ್ಲ.

ಎರಡು ಗಂಟೆಗೆ ಹೆಕ್ಟರ್ ಡೇರೆಗೆ ಬಂದ. ಇಸ್ತ್ರಿಯ ಬಿಳಿ ಬಟ್ಟೆಯ ಮೇಲೆ ಹಳೆಯ ಕೋಟು ಹಾಕಿಕೊಂಡಿದ್ದ. ಬಾಗಿಲ ಹತ್ತಿರ ನಿಂತು ಅವಳನ್ನು ಕೈಸನ್ನೆ ಮಾಡಿ ಕರೆದ.

"ಹೆಸರು ವಾಪಸ್ ತಗೊಂಡೆ."

ವಿನಿ ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಹಿಡಿದು ನಿಂತಳು.

"ನೀನು ಅಳ್ತಾ ಇದ್ದಿದ್ರೆ ಹೋಗ್ತಿದ್ದೆ ಕಣೇ," ಎಂದ ಹೆಕ್ಟರ್. "ಇವತ್ತು ಬೆಳಿಗ್ಗೆಯಿಂದ ಒಂದು ಮಾತಿಲ್ಲ, ಕತೆಯಿಲ್ಲ. ಬಟ್ಟೆ ಇಸ್ತ್ರಿ ಮಾಡಿ ಕೊಟ್ಟೆ. ಹೆಣಕ್ಕೆ ಬಟ್ಟೆ ಹಾಕಿದ ಹಾಗೆ ಅನ್ನಿಸ್ತು ನೋಡು. ಸಾಕು ಅನ್ಕೊಂಡೆ."

ನಗಬೇಕೋ ಅಳಬೇಕೋ ತಿಳಿಯದೆ ವಿನಿ ಅವನ ಕೋಟಿನ ಗುಂಡಿ ಹಿಡಿದುಕೊಂಡಳು. ಬದುಕಿದ. ತಾನು ಮಾಡಿದ್ದೆಲ್ಲ ಬೇಕೇ ಇರಲಿಲ್ಲ, ಆದರೂ ಬದುಕಿದ. ಕೊಡಲಿ ಕೆಟ್ಟಿತು, ಕೆಡಲಿ. ಬಾವಿಗೆ ಎಸೆದರೆ ಮುಗಿಯಿತು. ಸುತ್ತಲಿದ್ದ ಹೆಂಗಸರು ಮುಸಿಮುಸಿ ನಕ್ಕರು. ಆಮೇಲೆ ಅವಳ ಕಣ್ಣು ಅವನ ಬರಿಗೈ ಮೇಲೆ ಬಿತ್ತು.

"ಪೆಟ್ಟಿಗೆ ಎಲ್ಲಿ?"

ಲೆನ್‌ಗೆ ಕೊಟ್ಟೆ ಎಂದ ಹೆಕ್ಟರ್. ಸೆಮಿಫೈನಲ್‌ನಲ್ಲಿ ಲೆನ್‌ನ ಕೊಡಲಿ ಗಂಟಿಗೆ ಬಡಿದು ಬಾಯಿ ಕಿತ್ತುಹೋಗಿತ್ತು. ಇನ್ನೊಂದು ಇತ್ತು, ಅದು ಕಾಡಿನ ದಪ್ಪ ಕೊಡಲಿ. ಅದರಲ್ಲಿ ಫೈನಲ್ ಕಡಿಯುವುದು ಚಮಚದಲ್ಲಿ ಬಾವಿ ತೋಡಿದ ಹಾಗೆ. ತಾನು ಹೇಗೂ ಬಿಟ್ಟಾಯಿತಲ್ಲ, ಇಟ್ಟುಕೋ, ಇನ್ನು ಇದು ನಿಂದೇ ಎಂದು ಕೊಟ್ಟುಬಿಟ್ಟನಂತೆ. ಲೆನ್ ಬೇಡ ಬೇಡ ಎಂದನಂತೆ. "ಮುಟ್ಟೋಕೇ ಹೆದರ್ತಿದ್ದ, ಪೆದ್ದ," ಎಂದು ಹೆಕ್ಟರ್ ನಕ್ಕ. ಅಷ್ಟು ಹಗುರವಾಗಿ ಅವನು ನಕ್ಕದ್ದನ್ನು ವಿನಿ ವರ್ಷಗಳಿಂದ ನೋಡಿರಲಿಲ್ಲ.

ಆಗಲೇ ಮೈದಾನದಿಂದ ಕೊರಡು ಹತ್ತಿ ಎಂಬ ಕೂಗು ಬಂತು.

ಡೇರೆಯ ಬಾಗಿಲಿಂದ ಕೊರಡುಗಳು ನಲವತ್ತು ಹೆಜ್ಜೆ. ಆರು ಜನ ಹತ್ತಿ ನಿಂತಿದ್ದರು. ಲೆನ್ ಕೊನೆಯವನು. ತೆಳ್ಳನೆಯ ಕ್ಯಾನ್ವಾಸ್ ಶೂ, ಬಿಳಿ ಪ್ಯಾಂಟು, ಕೈಯಲ್ಲಿ ಆ ಕೊಡಲಿ. ಅವನು ಅಕ್ಕನನ್ನು ಕಂಡು ಕೊಡಲಿ ಎತ್ತಿ ತೋರಿಸಿದ. ಹಲ್ಲು ಬಿಟ್ಟಿದ್ದು ಅಲ್ಲಿಂದಲೇ ಕಾಣಿಸಿತು.

ನಮ್ಮಲ್ಲಿ ಎಲ್ಲರೂ ಒಟ್ಟಿಗೆ ಶುರುಮಾಡುವುದಿಲ್ಲ. ಎಣಿಕೆಯವನು ಒಂದು, ಎರಡು ಎಂದು ಕೂಗುತ್ತ ಹೋಗುತ್ತಾನೆ. ಕಚ್ಚಾ ಆಳು ಮೂರಕ್ಕೆ ಬೀಸುತ್ತಾನೆ, ಪಳಗಿದವನು ಕಾಯಬೇಕು. ಲೆನ್‌ಗೆ ಹನ್ನೊಂದು ಕೊಟ್ಟಿದ್ದರು.

ಒಂದು ಎಂದಾಗಲೇ ವಿನಿಯ ಬಾಯಿ ತೆರೆದಿತ್ತು. ನಿಲ್ಲಿಸಿ ಎಂಬ ಒಂದೇ ಮಾತು, ಅವಳ ಗಂಟಲೂ ಚಿಕ್ಕದಲ್ಲ. ಆದರೆ ನಿಲ್ಲಿಸಿದ ಮೇಲೆ ಯಾಕೆ ಎಂದು ಕೇಳುತ್ತಾರೆ. ಸಾವಿರ ಜನರ ಮುಂದೆ ಹೆಕ್ಟರ್ ಪ್ರೌಸ್‌ನ ಹೆಂಡತಿ ಅವನ ಕೊಡಲಿಯನ್ನು ಒಲೆಯ ಮೇಲೆ ಸುಟ್ಟಳು ಎಂದು ಹೇಳಬೇಕು. ಹೆಕ್ಟರ್ ಪಕ್ಕದಲ್ಲೇ ಇದ್ದ, ಅವನ ತೋಳು ಅವಳ ತೋಳಿಗೆ ತಾಗುತ್ತಿತ್ತು. ಈಗ ತಾನೇ ಅವಳಿಗಾಗಿ ಒಂಬತ್ತು ವರ್ಷದ ಗೆಲುವನ್ನು ಬಿಟ್ಟು ಬಂದಿದ್ದ ಮನುಷ್ಯ. ಮೂರಕ್ಕೆ ಮೊದಲ ಕೊಡಲಿ ಬಿತ್ತು. ಬಾಯಿ ಮಡಿಚುತ್ತದೆ, ಅಷ್ಟೇ ಎಂದುಕೊಂಡಳು. ಲೆನ್ ಜಾಣ, ಮಡಿಚಿದ್ದು ಕೈಗೆ ತಿಳಿದೊಡನೆ ನಿಲ್ಲಿಸುತ್ತಾನೆ. ಸೋಲುತ್ತಾನೆ, ಸೋತರೇನು, ಇನ್ನೂ ಹುಡುಗ. ಐದಕ್ಕೆ ಇನ್ನಿಬ್ಬರು. ಲೆನ್ ಬಾಗಿ ಅಲಗನ್ನು ಕೊರಡಿಗೆ ಮುಟ್ಟಿಸಿ ಅಳತೆ ನೋಡಿದ, ಪಾದಗಳನ್ನು ಅಗಲಿಸಿದ. ಆ ಎರಡು ಪಾದಗಳನ್ನು ಅವಳು ನೋಡಿದಳು. ನೋಡಲಿಲ್ಲ ಎಂದು ಹೇಳಿಕೊಳ್ಳಲು ಮುಂದೆ ಎಷ್ಟೋ ಸಲ ಹೆಣಗಿದಳು, ಆದರೆ ನೋಡಿದ್ದಳು. ಏಳು, ಎಂಟು. ಈಗ ಕೂಗಿದರೂ ಕೇಳಿಸುವುದಿಲ್ಲ, ಗದ್ದಲ ಜಾಸ್ತಿ ಎಂದು ಮನಸ್ಸು ಹೇಳಿತು. ಮನಸ್ಸಿಗೆ ಬೇಕಾದಾಗ ನೆಪಗಳು ಎಲ್ಲಿಂದಲೋ ಒದಗಿಬರುತ್ತವೆ. ಹೆಕ್ಟರ್ ಅವಳ ಕಿವಿಯ ಹತ್ತಿರ ಬಗ್ಗಿ, ನೋಡ್ತಿರು, ಚಕ್ಕೆ ಹೇಗೆ ಏಳುತ್ತೆ ಅಂತ, ಎಂದ. ವಿನಿ ಬಾಯಿ ಮುಚ್ಚಿಕೊಂಡಳು.

ಹನ್ನೊಂದಕ್ಕೆ ಲೆನ್ ಬೀಸಿದ. ಮೊದಲ ಏಟು ಚೆನ್ನಾಗಿ ಇಳಿಯಿತು, ಎರಡನೆಯದೂ. ಮೂರನೆಯದಕ್ಕೆ ಸದ್ದು ಬೇರೆಯಾಯಿತು. ಹೆಕ್ಟರ್ ಹುಬ್ಬು ಗಂಟಿಕ್ಕಿದ. ಫೈನಲ್ಲಿನ ಉಮೇದಿನಲ್ಲಿ ಲೆನ್‌ಗೆ ಅದು ಕೇಳಿಸಲಿಲ್ಲ, ಇನ್ನೂ ಬಲವಾಗಿ ಬೀಸಿದ. ಐದನೆಯ ಏಟು ಕೊರಡಿಗೆ ಕಚ್ಚಲಿಲ್ಲ. ಅಲಗು ಜಾರಿ ಪಕ್ಕಕ್ಕೆ ಹೊರಳಿತು. ಲೆನ್ ಕೂಗಲಿಲ್ಲ. ಏನಾಯಿತೆಂದು ತಿಳಿಯದವನಂತೆ ಕೆಳಗೆ ನೋಡಿದ, ಆಮೇಲೆ ಕೊರಡಿನಿಂದ ಮೆಲ್ಲಗೆ ಇಳಿದು ನೆಲದ ಮೇಲೆ ಕೂತ. ಬಿಳಿ ಶೂ ಬಿಳಿಯಾಗಿ ಉಳಿದಿರಲಿಲ್ಲ.

ಲಾರಿಯಲ್ಲಿ ಹಾಸಿಗೆ ಹಾಸಿ ಆಸ್ಪತ್ರೆಗೆ ಒಯ್ದರು. ಎಡಪಾದದ ಅರ್ಧ ಅಲ್ಲೇ ಹೋಗಿತ್ತು, ಉಳಿದದ್ದನ್ನು ನಾಲ್ಕನೆಯ ದಿನ ಡಾಕ್ಟರು ಕಣಕಾಲಿನ ಮೇಲಿನಿಂದಲೇ ಕತ್ತರಿಸಿ ತೆಗೆದರು. ಒಂದೇ ಪಾದದವನಿಗೆ ಕಾಡಿನಲ್ಲಿ ಏನು ಕೆಲಸ?

ಹೆಕ್ಟರ್ ಊಟ ಬಿಟ್ಟ. ದಿನಾ ಆಸ್ಪತ್ರೆಗೆ ಹೋಗಿ ಲೆನ್‌ನ ಮಂಚದ ಪಕ್ಕ ಟೋಪಿ ತಿರುಗಿಸುತ್ತ ಕೂರುತ್ತಿದ್ದ. ನಾನೇ ತಟ್ಟಿ ನೋಡಿದೆ, ನಾನೇ ಅರ ಹಚ್ಚಿದೆ, ಹನ್ನೆರಡರಲ್ಲಿ ಕೊಳೆತದ್ದನ್ನು ಆರಿಸಿ ಹುಡುಗನ ಕೈಗೆ ಕೊಟ್ಟೆ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಕನ್ನಡಕವಿಲ್ಲದೆ ಕಣ್ಣು ಕಾಣಿಸುವುದಿಲ್ಲ ಎಂಬ ಗುಟ್ಟನ್ನೂ ಊರಮುಂದೆ ತಾನೇ ಒಪ್ಪಿಕೊಂಡ. ಕೆಮ್ಮಿದ್ದು ವಿನಿ ಎಂದು ಮಾತ್ರ ಎಲ್ಲೂ ಹೇಳಲಿಲ್ಲ. ವಿನಿ ಅವನೆದುರು ಗಂಜಿ ಇಟ್ಟು, ಉಣ್ಣು ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಹೇಳಲು ಅವಳಿಂದ ಆಗಲಿಲ್ಲ. ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಎರಡನೆಯ ವಾರ ಒಂದು ಮಧ್ಯಾಹ್ನ ಹೆಕ್ಟರ್ ಆ ಕೊಡಲಿಯನ್ನು ಕೊಟ್ಟಿಗೆಗೆ ತಂದ. ಉಕ್ಕು ಎಲ್ಲಿಯವರೆಗೆ ಕೆಟ್ಟಿದೆ ನೋಡಬೇಕು, ಪೆಟ್ಟಿಗೆ ಕಳಿಸಿದವರಿಗೆ ಬರೆಯಬೇಕು, ಉಳಿದ ಹನ್ನೊಂದು ಊರಲ್ಲೇ ಇವೆಯಲ್ಲ, ಇನ್ನೊಬ್ಬನ ಕಾಲು ಹೋಗಬಾರದು ಎಂದ. ಕನ್ನಡಕ ಹಾಕಿಕೊಂಡು ತಾನೇ ಅಲಗು ಹಿಡಿದ. ವಿನಿಗೆ ಕಲ್ಲು ತಿರುಗಿಸಲು ಹೇಳಿದ. ಅವಳು ತಿರುಗಿಸಿದಳು.

ಮಡಿಚಿದ ಬಾಯಿ ಸವೆಯಿತು. ಅವನು ಅರ ಹಚ್ಚಿದ, ಬೆಣ್ಣೆಗೆ ಕಚ್ಚಿದಂತೆ ಕಚ್ಚಿತು. ಇನ್ನಷ್ಟು ಸವೆಸಿದ. ಅರ್ಧ ಅಂಗುಲ ಇಳಿದ ಮೇಲೆ ಅರ ಹಚ್ಚಿದಾಗ ಸದ್ದು ಬದಲಾಯಿತು. ಈ ಮೂಲೆಯಿಂದ ಆ ಮೂಲೆಯವರೆಗೂ ಒಂದೇ ಸಮ, ಅಡಿಪಟ್ಟಿ ಇಟ್ಟು ಗೆರೆ ಎಳೆದಂತೆ. ಗೆರೆಯ ಆಚೆ ಅಷ್ಟೂ ಒಳ್ಳೆಯ ಉಕ್ಕು. ಕುಲುಮೆಯ ತಪ್ಪು ಇಷ್ಟು ನೀಟಾಗಿ ಇರುವುದಿಲ್ಲ, ಅದು ಹೆಕ್ಟರ್‌ಗೆ ಗೊತ್ತಿತ್ತು. ಅವನು ಆ ಗೆರೆಯ ಉದ್ದಕ್ಕೂ ಬೆರಳಾಡಿಸಿದ. ವಿನಿಯ ಕೈ ತಾನಾಗಿ ನಿಂತಿತು.

"ಒಲೆ ಮೇಲಿಟ್ಟಿದ್ದೆ," ಎಂದಳು. "ನೀನು ಸೋಲಲಿ ಅಂತ. ಸೋತ್ರೆ ಬಿಡ್ತೀನಿ ಅಂದಿದ್ದೆಯಲ್ಲ. ನಿಂತ ಕೊರಡಲ್ಲಿ ಏನೂ ಆಗ್ತಿರ್ಲಿಲ್ಲ, ಯಾರ ಕೈಗೂ ಹೋಗಲ್ಲ ಅಂದ್ಕೊಂಡಿದ್ದೆ. ನೀನು ಬದುಕಬೇಕಿತ್ತು ಹೆಕ್ಟರ್, ಅಷ್ಟೇ ನನಗೆ ಬೇಕಾಗಿದ್ದಿದ್ದು."

ಹೆಕ್ಟರ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಬೈಯುತ್ತಾನೆಂದು ಅವಳು ಕಾದಳು, ಹೊಡೆದರೂ ಹೊಡೆಯಲಿ ಎಂದುಕೊಂಡಳು. ಅವನು ತಲೆಯಾಡಿಸಿದ. ಒಲೆಯ ವಿಷಯ ಅವನಿಗೆ ಅರ್ಥವಾಗಿತ್ತು. ಅಷ್ಟರಮಟ್ಟಿಗೆ ತಾನೂ ತಪ್ಪುಗಾರನೇ ಎಂಬುದು ಅವನ ಮುಖದಲ್ಲಿತ್ತು. ಒಂದು ಗಳಿಗೆ ವಿನಿಗೆ ಉಸಿರು ಬಂತು.

"ಹನ್ನೊಂದು ಎಣಿಸಿದ್ರಲ್ಲ ವಿನಿ," ಎಂದ ಹೆಕ್ಟರ್. "ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ."

ಒಲೆಗೆ ಕಾರಣವಿತ್ತು, ಆ ಕಾರಣವನ್ನು ಅವಳು ಹದಿನೈದು ದಿನ ಬಾಯಿಪಾಠ ಮಾಡಿದ್ದಳು. ಎಣಿಕೆಗೆ ಹುಡುಕಿದಷ್ಟೂ ಏನೂ ಸಿಗಲಿಲ್ಲ. ನಾಚಿಕೆಯಾಗಿತ್ತು ಎಂಬುದೊಂದೇ ನಿಜ, ಅದನ್ನು ಬಾಯಿಬಿಟ್ಟು ಹೇಳಲು ಅವಳಿಗೆ ಈಗಲೂ ನಾಚಿಕೆಯಾಯಿತು.

ಮಾರನೆಯ ದಿನ ಅವಳೊಬ್ಬಳೇ ರೈಲು ಹತ್ತಿ ಹೋಗಿ ಲೆನ್‌ಗೆ ಹೇಳಿದಳು. ಒಲೆಯನ್ನೂ ಹೇಳಿದಳು, ಎಣಿಕೆಯನ್ನೂ ಹೇಳಿದಳು. ಲೆನ್ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡು ಕೇಳಿದ.

"ಭಾವನಿಗೆ ಗೊತ್ತಾ?"

"ಗೊತ್ತು."

"ಹಾಗಾದ್ರೆ ಇನ್ನು ಅವನು ಬಂದು ಇಲ್ಲಿ ಅಳೋದು ಬೇಡ ಅಂತ ಹೇಳು. ಊಟ ಮಾಡೋಕೆ ಹೇಳು." ಆಮೇಲೆ ಅವನು ಗೋಡೆಯ ಕಡೆ ಹೊರಳಿದ. ಭೇಟಿಯ ಹೊತ್ತು ಮುಗಿಯುವವರೆಗೂ ಅವಳು ಅವನ ಬೆನ್ನು ನೋಡುತ್ತ ಕುಳಿತಿದ್ದಳು.

ಹೆಕ್ಟರ್ ಮತ್ತೆ ಕೊಡಲಿ ಎತ್ತಲಿಲ್ಲ. ಡಾಕ್ಟರು ಹೇಳಿದಂತೆ ಹಗುರ ಕೆಲಸ ಮಾಡಿಕೊಂಡು ಇನ್ನೂ ಹದಿನಾಲ್ಕು ವರ್ಷ ಬದುಕಿದ. ಅವಳನ್ನು ಒಂದು ದಿನವೂ ಬೈಯಲಿಲ್ಲ, ಕೈಲಾದಷ್ಟು ದಿನ ಸೌದೆ ನೀರು ತಂದುಕೊಟ್ಟ, ಅವಳು ಕಾಯಿಲೆ ಬಿದ್ದಾಗ ಸೇವೆ ಮಾಡಿದ. ದಾರಿಯಲ್ಲಿ ನಡೆಯುವಾಗ ಮಾತ್ರ ಅವಳ ಪಕ್ಕದಲ್ಲಿ ಬರುತ್ತಿರಲಿಲ್ಲ, ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದ.